ಏರಿಯ ಹಿಂಬದಿಗೆ ಇಳಿದು ನೋಡಿ



ಕೆರೆ ತುಂಬಿದ ದಿನ ಊರಿಗೆ ಊರೇ ಏರಿಯ ಮೇಲೆ ನಿಂತು ನೀರನ್ನು ನೋಡುತ್ತದೆ. ಗಂಗೆಪೂಜೆ, ಬಾಗಿನ, ತೆಪ್ಪ ಎಲ್ಲವೂ ಆ ಕಡೆಗೇ ಮುಖ ಮಾಡಿ ನಡೆಯುತ್ತವೆ. ನಡೆಯಲಿ, ಬಹಳ ಸಂತೋಷ. ಅದೇ ದಿನ ಊರಿನ ಇಬ್ಬರಾದರೂ ನೀರಿಗೆ ಬೆನ್ನು ತಿರುಗಿಸಿ, ಗದ್ದೆಬಯಲಿನ ಕಡೆ, ಏರಿಯ ಹಿಂಬದಿಯ ಬುಡಕ್ಕೆ ಇಳಿದು ನೋಡಿಬರಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಮಣ್ಣಿನ ಕಟ್ಟೆ ಒಡೆಯುವ ಮುಂಚೆ ಸುಳಿವು ಕೊಡುವುದು ಬಹುಮಟ್ಟಿಗೆ ಅಲ್ಲಿ. ನನ್ನ ಮಾತೆಲ್ಲ ಆ ಹಿಂಬದಿಯ ಸುತ್ತಮುತ್ತಲಿನದೇ.

ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂದು ಲೆಕ್ಕ ಹೇಳುತ್ತಾರೆ. ಬಹುಪಾಲು ಕೆರೆಗಳ ಏರಿ ಮಣ್ಣಿನದು. ಹೆಸರು ಕೆರೆಯೆಂದಾದರೂ ಕೆಲಸದಲ್ಲಿ ಪ್ರತಿಯೊಂದೂ ಒಂದು ಸಣ್ಣ ಅಣೆಕಟ್ಟು. 2021ರಲ್ಲಿ ಸಂಸತ್ತು ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ತಂದಿತು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ನಡೆಯಲೇಬೇಕು ಎನ್ನುವ ಒಳ್ಳೆಯ ಕಾಯ್ದೆ ಅದು. ಆದರೆ ಅದು ಲೆಕ್ಕಕ್ಕೆ ಹಿಡಿಯುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳನ್ನು. ಎತ್ತರ 10ರಿಂದ 15 ಮೀಟರ್ ಇದ್ದರೆ, ಉದ್ದ ಅರ್ಧ ಕಿಲೋಮೀಟರ್ ಇರಬೇಕು ಅಥವಾ ಹತ್ತು ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಹೀಗೆ ಕೆಲವು ಷರತ್ತುಗಳಿವೆ. ಎರಡಾಳು, ಮೂರಾಳು ಎತ್ತರದ ನಮ್ಮ ಹಳ್ಳಿಯ ಏರಿ ಈ ಜರಡಿಯಲ್ಲಿ ನಿಲ್ಲುವುದೇ ಇಲ್ಲ. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿರುವುದು ಪಂಚಾಯತಿಗಳದು. ಇಂಜಿನಿಯರುಗಳು ಕೆಲವರು, ಕೆರೆಗಳು ಸಾವಿರಾರು. ಹಿಂದೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು, ಮಳೆಯ ರಾತ್ರಿ ಕಂದೀಲು ಹಿಡಿದು ಏರಿ ಸುತ್ತುವುದು ಅವನ ಪಾಲಿನ ಕೆಲಸ. ಕೊಳವೆಬಾವಿ ಬಂದ ಮೇಲೆ ತೂಬಿನ ಅಗತ್ಯ ಕಡಿಮೆಯಾಯಿತು. ನೀರುಗಂಟಿಗೆ ಕೊಡುತ್ತಿದ್ದ ಧಾನ್ಯ ನಿಂತಿತು, ಏರಿ ಸುತ್ತುವ ಕಾಲುಗಳೂ ನಿಂತವು. ಎಷ್ಟೋ ಊರುಗಳಲ್ಲಿ ಆ ಜಾಗ ಇಂದಿಗೂ ಖಾಲಿ ಇದೆ.

ಏರಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಣ್ಣಿನ ಏರಿ ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಕೆರೆಯ ನೀರು ಏರಿಯ ಮೈಯೊಳಗೆ ಇಂಗುತ್ತ, ಇಳಿಜಾರಾಗಿ ಕೆಳಗಿಳಿಯುತ್ತ, ಹಿಂಬದಿಯ ಬುಡದ ಕಡೆಗೆ ಬರುತ್ತದೆ. ಅದಕ್ಕೇ ತುಂಬಿದ ಕೆರೆಯ ಕೆಳಗಿನ ಗದ್ದೆ ಸದಾ ಜೌಗು. ಈ ಬಸಿನೀರು ತಿಳಿಯಾಗಿದ್ದು, ವರ್ಷದಿಂದ ವರ್ಷಕ್ಕೆ ಅಷ್ಟೇ ಇದ್ದರೆ ಹೆದರಬೇಕಾಗಿಲ್ಲ. ಅದು ಮಣ್ಣನ್ನು ಹೊತ್ತು ತರತೊಡಗಿದಾಗ ಅಪಾಯ ಶುರುವಾಯಿತು. ಕೆರೆಯ ಕಡೆಯಿಂದ ತೂತು ಬಿದ್ದು ನೀರು ಹೊರಗೆ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ನಡೆಯುವುದು ತಿರುವುಮುರುವು. ನೀರು ಹೊರಬೀಳುವ ಬಾಯಿಯಲ್ಲಿ ಮೊದಲ ಮಣ್ಣಿನ ಕಣ ಕಳಚಿಕೊಳ್ಳುತ್ತದೆ. ಅದರ ಹಿಂದಿನದು ಆಮೇಲೆ, ಅದರ ಹಿಂದಿನದು ಇನ್ನಷ್ಟು ಬೇಗ. ಕೊರೆತ ಹಿಂಬದಿಯಿಂದ ಕೆರೆಯ ಕಡೆಗೆ, ಏರಿಯ ಹೊಟ್ಟೆಯೊಳಗೆ, ಮೇಲಿನವರಿಗೆ ಕಾಣದಂತೆ ತೆವಳಿಕೊಂಡು ಹೋಗುತ್ತದೆ. ಈ ಹಂತಕ್ಕೆ ವಾರಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ಕೊರಕಲು ಕೆರೆಯ ನೀರನ್ನು ಮುಟ್ಟಿತೆಂದರೆ ಉಳಿದಿರುವುದು ಕೆಲವು ಗಂಟೆ ಮಾತ್ರ.

ದೇಶವಿದೇಶಗಳಲ್ಲಿ ಒಡೆದ ದೊಡ್ಡ ಮಣ್ಣಿನ ಅಣೆಕಟ್ಟುಗಳನ್ನು ಲೆಕ್ಕ ಹಾಕಿದವರು, ಹತ್ತಿರಹತ್ತಿರ ಅರ್ಧದಷ್ಟು ಈ ಒಳಕೊರೆತದಿಂದ ಹೋದವು, ಇನ್ನರ್ಧದಷ್ಟು ಕಟ್ಟೆಯ ನೆತ್ತಿಯ ಮೇಲೆ ನೀರು ಹರಿದು ಹೋದವು ಎನ್ನುತ್ತಾರೆ. ಇಳಿಜಾರು ಕುಸಿದು ಹೋದವು ಬೆರಳೆಣಿಕೆಯವು. ಹೀಗಾಗಿ ತಪಾಸಣೆಗೆ ಹೋದವರು ಬಸಿನೀರನ್ನೂ ಕೋಡಿಯನ್ನೂ ಸರಿಯಾಗಿ ನೋಡಿ ಬಂದರೆ ಮುಖ್ಯ ಕೆಲಸ ಮುಗಿಯಿತು.

ಈ ತಿಳಿವಳಿಕೆ ನಮ್ಮ ನೆಲಕ್ಕೆ ಹೊಸದಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ದೊಡ್ಡದೊಂದು ಕೆರೆ ಕಟ್ಟಿಸಿದ. 1369ರ ಅದರ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಪಟ್ಟಿ ಮಾಡಿದ್ದಾರೆ. ಆ ಆರರಲ್ಲಿ ಮೊದಲನೆಯದೇ ಏರಿಯಿಂದ ನೀರು ಒಸರುವುದು. ಆರೂವರೆ ಶತಮಾನದ ಹಿಂದೆ ಕಲ್ಲಿನ ಮೇಲೆ ಆ ದೋಷಕ್ಕೆ ಮೊದಲ ಸ್ಥಾನ ಕೊಟ್ಟವರಿಗೆ ಒಡೆದ ಏರಿಗಳ ಕಹಿ ಅನುಭವ ಚೆನ್ನಾಗಿಯೇ ಇದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಬುಡದ ತಪಾಸಣೆಯನ್ನು ನಾನು ಮಾಡುವ ರೀತಿಯನ್ನೇ ಹೇಳುತ್ತೇನೆ. ಹೋಗುವ ಮುಂಚೆ ಹುಲ್ಲು, ಕಳೆ ಕೊಯ್ಯಿಸಬೇಕು. ಲಂಟಾನ ಮುಚ್ಚಿಕೊಂಡ ಏರಿಯಲ್ಲಿ ಯಾವ ಇಂಜಿನಿಯರಿಗೂ ಏನೂ ಕಾಣದು. ಬೆಳಗಿನ ಹೊತ್ತು ಒಳ್ಳೆಯದು, ಎಳೆಬಿಸಿಲು ಓರೆಯಾಗಿ ಬಿದ್ದಾಗ ತೇವದ ಜಾಗ ಬೇರೆಯಾಗಿ ಎದ್ದು ಕಾಣುತ್ತದೆ. ಬುಡದುದ್ದಕ್ಕೂ ನಿಧಾನವಾಗಿ ನಡೆಯಿರಿ, ಸಾಧ್ಯವಾದರೆ ಚಪ್ಪಲಿ ಬಿಟ್ಟು. ಸುತ್ತಲೂ ಹುಲ್ಲು ಒಣಗಿರುವಾಗ ಒಂದೇ ಕಡೆ ಹಚ್ಚಹಸಿರಾಗಿ ನಿಂತಿದೆಯೇ? ಜೊಂಡು ಬೆಳೆದಿದೆಯೇ? ಕಾಲು ಹೂತುಹೋಗುತ್ತದೆಯೇ? ಅಲ್ಲಿ ಕುಳಿತು ನೋಡಿ. ಒಮ್ಮೆ ಅಂಥ ಒಂದು ಜಾಗದಲ್ಲಿ ನಮಗೆ ಅಂಗೈಯಷ್ಟಗಲದ ಮರಳಿನ ಸಣ್ಣ ಗುಪ್ಪೆಯೊಂದು ಕಂಡಿತ್ತು. ಗುಪ್ಪೆಯ ನಡುವೆ ಬೆರಳು ಹಿಡಿಸುವಷ್ಟು ಕಣ್ಣು. ಆ ಕಣ್ಣಿನಲ್ಲಿ ಮರಳು ಅನ್ನ ಕುದಿಯುವ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು. ನೀರು ನೋಡಲು ತಿಳಿ. ಗಾಜಿನ ಬಾಟಲಿಯಲ್ಲಿ ತುಂಬಿ, ಕಲ್ಲಿನ ಮೇಲಿಟ್ಟು, ನಾವು ಏರಿಯ ಆ ತುದಿಯವರೆಗೂ ಹೋಗಿ ಬಂದೆವು. ಅಷ್ಟರಲ್ಲಿ ಬಾಟಲಿಯ ತಳದಲ್ಲಿ ಕೆಂಪು ಗೋಡಿನ ತೆಳುವಾದ ಒಂದು ಪದರ ಕೂತಿತ್ತು. ಜೊತೆಗಿದ್ದ ರೈತರಿಗೆ ವಿವರಣೆ ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಮರಳು, ಜಲ್ಲಿ ಹೊತ್ತ ಟ್ರ್ಯಾಕ್ಟರು ಬಂತು.

ಮರಳು, ಜಲ್ಲಿ ಏಕೆಂದರೆ, ಅಂಥ ಬಾಯಿಯನ್ನು ಮುಚ್ಚಬಾರದು. ಜೇಡಿಮಣ್ಣು ಮೆತ್ತಿ, ಸಿಮೆಂಟ್ ಸುರಿದು ಬಂದ್ ಮಾಡಿದರೆ ಒಳಗಿನ ಒತ್ತಡ ಹೆಚ್ಚಿ ನೀರು ಪಕ್ಕದಲ್ಲೆಲ್ಲೋ ದಾರಿ ಮಾಡಿಕೊಳ್ಳುತ್ತದೆ. ನೀರು ಹೋಗಬೇಕು, ಮಣ್ಣು ನಿಲ್ಲಬೇಕು. ಮೊದಲು ಶುದ್ಧ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಜಲ್ಲಿ, ಕೊನೆಗೆ ಕಲ್ಲು, ಹೀಗೆ ಪದರಪದರವಾಗಿ ಹಾಸಿದರೆ ಅದು ಸೋಸುವ ಹಾಸಿಗೆಯಾಗುತ್ತದೆ. ಹೊಸ ಅಣೆಕಟ್ಟುಗಳಲ್ಲಿ ಕಟ್ಟುವಾಗಲೇ ಇಂಥ ಪದರ ಇಡುತ್ತಾರೆ. ನಮ್ಮ ಹಳೆಯ ಏರಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ನಾವೇ ಹಾಕಬೇಕು.

ಬಸಿನೀರಿನ ಪ್ರಮಾಣವನ್ನೂ ಅಳೆಯಬೇಕು. ಕಣ್ಣಂದಾಜಿಗೆ ಹೋದ ವರ್ಷದ ನೆನಪು ಇರುವುದಿಲ್ಲ. ಬುಡದ ಬಸಿಗಾಲುವೆಗೆ ಅಡ್ಡಲಾಗಿ ಒಂದು ದಪ್ಪ ತಗಡು ನಿಲ್ಲಿಸಿ, ಅದರಲ್ಲಿ ಲಂಬಕೋನದ, ಇಂಗ್ಲಿಷಿನ ವಿ ಅಕ್ಷರದಂಥ ಕಚ್ಚು ಕೊರೆಸಿ. ಕಚ್ಚಿನ ತುದಿಯಿಂದ 5 ಸೆಂಟಿಮೀಟರ್ ಎತ್ತರಕ್ಕೆ ನೀರು ಹರಿದರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್. ಅದೇ 10 ಸೆಂಟಿಮೀಟರ್ ಆದರೆ ನಾಲ್ಕು ಲೀಟರಿಗೂ ಮೇಲೆ. ಕೆರೆಯ ನೀರಿನ ಮಟ್ಟ, ಕಚ್ಚಿನ ನೀರಿನ ಎತ್ತರ, ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ಕೆರೆಯ ಮಟ್ಟ ಅಷ್ಟೇ ಇದ್ದು ಬಸಿನೀರು ಹೆಚ್ಚಿದ್ದರೆ ತಡಮಾಡದೆ ಇಂಜಿನಿಯರನ್ನು ಕರೆಸಿ. ಇದ್ದಕ್ಕಿದ್ದಂತೆ ನಿಂತುಹೋದರೂ ಕರೆಸಿ. ಒಳಗೆ ಎಲ್ಲೋ ಕುಸಿದು ದಾರಿ ಕಟ್ಟಿಕೊಂಡಿರಬಹುದು, ಆ ನೀರು ಬೇರೆ ಕಡೆ ಹೊರಡುತ್ತದೆ.

ಇನ್ನು ತೂಬು. ಮಣ್ಣಿನ ಏರಿಗೆ ಅಡ್ಡಲಾಗಿ ಕಲ್ಲಿನ ಕಾಲುವೆಯೋ ಕೊಳವೆಯೋ ಹಾದುಹೋಗುವ ಜಾಗ ಅದು. ಕೊಳವೆಯ ಪಕ್ಕದಲ್ಲಿ, ಅದರಲ್ಲೂ ಹೊಟ್ಟೆಯ ಕೆಳಗೆ, ಮಣ್ಣನ್ನು ಗಟ್ಟಿಯಾಗಿ ದಮ್ಮಸ್ಸು ಮಾಡುವುದು ಬಹಳ ಕಷ್ಟ. ನೀರಿಗೆ ಆ ಸಡಿಲು ಗೊತ್ತಾಗುತ್ತದೆ. ತೂಬು ಪೂರ್ತಿ ಮುಚ್ಚಿರುವಾಗ ಹಿಂಬದಿಯ ಬಾಯಿಯಲ್ಲಿ ನೀರು ಬರುತ್ತಿದೆಯೇ, ಕೊಳವೆಯ ಒಳಗಿನಿಂದ ಬರುತ್ತಿದೆಯೋ ಹೊರಗಿನ ಸುತ್ತಿನಿಂದಲೋ ಎಂಬುದನ್ನು ಬಗ್ಗಿ ನೋಡಬೇಕು. ಹೊರಸುತ್ತಿನಿಂದ ಬರುತ್ತಿದ್ದರೆ ಅದು ದೊಡ್ಡ ಮಾತು. ತೂಬಿನ ನೇರಕ್ಕೆ ನೆತ್ತಿಯ ಮೇಲೆ ಗುಂಡಿ ಬಿದ್ದಿದ್ದರೆ, ಅಥವಾ ಕೆರೆಯ ನೀರಿನ ಮೇಲೆ ಸುಳಿ ಕಂಡರೆ ಅಂದೇ ಇಂಜಿನಿಯರಿಗೆ ಫೋನು ಹೋಗಬೇಕು. ನೆತ್ತಿಯ ಗುಂಡಿಗೆ ಒಂದು ಗಾಡಿ ಮಣ್ಣು ಸುರಿದು, ಮೇಲೆ ಬಸ್ಸು ಓಡಿಸಿಬಿಡುವುದನ್ನು ನಾನು ಕಂಡಿದ್ದೇನೆ. ಹಾಗೆ ಮುಚ್ಚಿದರೆ ಕೊರೆತ ಒಳಗೆ ಮುಂದುವರಿಯುತ್ತದೆ, ಅದನ್ನು ಹೇಳುತ್ತಿದ್ದ ಗುರುತು ಮಾತ್ರ ಅಳಿಸಿಹೋಗುತ್ತದೆ.

ಈಗ ಕೋಡಿಯ ವಿಷಯ. ಇಲ್ಲಿ ನನ್ನ ಮಾತು ಸ್ವಲ್ಪ ಕಟುವಾದರೆ ಮನ್ನಿಸಬೇಕು. ಕೆರೆಗೆ ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಮೂಟೆ ಜೋಡಿಸುವುದು, ಒಂದೆರಡು ವರಸೆ ಇಟ್ಟಿಗೆ ಕಟ್ಟುವುದು ಎಷ್ಟೋ ಊರುಗಳಲ್ಲಿ ನಡೆದಿದೆ. ಮೀನು ಕೊಚ್ಚಿ ಹೋಗದಿರಲಿ ಎಂದು ಕೋಡಿಗೆ ಅಡ್ಡಲಾಗಿ ಬಲೆ ಬಿಗಿಯುವುದು ಇನ್ನೂ ಸಾಮಾನ್ಯ. ಒಂದು ಲೆಕ್ಕ ಕೇಳಿ. ಹತ್ತು ಮೀಟರ್ ಅಗಲದ ಕೋಡಿಯ ಮೇಲೆ ನೀರು ಒಂದು ಮೀಟರ್ ಎತ್ತರದಲ್ಲಿ ಹರಿದರೆ ಸೆಕೆಂಡಿಗೆ ಸುಮಾರು 17 ಘನ ಮೀಟರ್ ಹೊರಗೆ ಹೋಗುತ್ತದೆ. ಅರ್ಧ ಮೀಟರ್ ಮೂಟೆ ಇಟ್ಟಿರೆನ್ನಿ. ನೀರು ಅದೇ ಮಟ್ಟಕ್ಕೆ ಏರಿದಾಗ ಹರಿಯಲು ಉಳಿದದ್ದು ಅರ್ಧ ಮೀಟರ್. ಆಗ ಹೊರಹೋಗುವುದು ಎಂಟೂವರೆ ಘನ ಮೀಟರ್ ಎಂದುಕೊಳ್ಳಬೇಡಿ, ಆರು ಮಾತ್ರ. ಎತ್ತರ ಅರ್ಧವಾದರೆ ಹರಿವು ಮೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಉಳಿದ ಹನ್ನೊಂದು ಘನ ಮೀಟರಿಗೆ ಏರಿಯ ನೆತ್ತಿಯೊಂದೇ ದಾರಿ. ಬಲೆಯ ವಿಷಯವೂ ಅಷ್ಟೆ. ಮಳೆನೀರಿನೊಡನೆ ಬರುವ ಗಿಡಗಂಟಿ, ಪ್ಲಾಸ್ಟಿಕ್, ಅಂತರಗಂಗೆಯೆಲ್ಲ ಬಲೆಗೆ ಕಚ್ಚಿಕೊಂಡು ಅದು ಗೋಡೆಯಾಗಿ ನಿಲ್ಲುತ್ತದೆ. ಮೀನಿನ ಗುತ್ತಿಗೆದಾರರ ಕಷ್ಟ ನನಗೆ ಅರ್ಥವಾಗುತ್ತದೆ, ಅವರ ಬಂಡವಾಳ ನೀರಿನಲ್ಲಿದೆ. ಆದರೂ ಗುತ್ತಿಗೆಯ ಕರಾರಿನಲ್ಲೇ ಕೋಡಿಗೆ ಬಲೆ ಕೂಡದು ಎಂದು ಬರೆಯಿಸಬೇಕು.

ಕೋಡಿಯ ಜೊತೆಗೇ ನೆತ್ತಿಯ ಮಟ್ಟವನ್ನು ನೋಡಬೇಕು. ನಮ್ಮ ಏರಿಗಳ ಮೇಲೆ ರಸ್ತೆ ಇರುತ್ತದೆ, ದನ ಇಳಿಯುವ ದಾರಿ ಇರುತ್ತದೆ. ಸವೆದು ಸವೆದು ಎಲ್ಲೋ ಒಂದು ಕಡೆ ಗೇಣುದ್ದ ತಗ್ಗಾಗಿರುತ್ತದೆ. ನೀರು ನೆತ್ತಿಗೇರಿದರೆ ಇಡೀ ಹೊಳೆ ಆ ಗೇಣಿನಲ್ಲೇ ನುಗ್ಗುತ್ತದೆ. ಇದನ್ನು ಪತ್ತೆ ಮಾಡಲು ಯಂತ್ರ ಬೇಡ. ಗಾರೆ ಕೆಲಸದವರು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಇಬ್ಬರು ಎರಡು ತುದಿ ಹಿಡಿದು ಕೋಡಿಯಿಂದ ಶುರುಮಾಡಿ ಏರಿಯ ಉದ್ದಕ್ಕೂ ಅಳೆಯುತ್ತ ಹೋದರೆ ಅರ್ಧ ದಿನದೊಳಗೆ ತಗ್ಗುಗಳೆಲ್ಲ ಗೊತ್ತಾಗುತ್ತವೆ. ತಗ್ಗನ್ನು ಮಣ್ಣು ಹಾಕಿ, ನೀರು ಚಿಮುಕಿಸಿ, ತೆಳುಪದರಗಳಲ್ಲಿ ದಮ್ಮಸ್ಸು ಮಾಡಿ ಏರಿಸಬೇಕು.

ಬಿಲಗಳ ಬಗ್ಗೆ ಎರಡು ಮಾತು. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರ ಸುಮಾರು ಜನ ಕೊಚ್ಚಿಹೋದರು. ಏಡಿಗಳು ಕೊರೆದು ಹೀಗಾಯಿತು ಎಂಬ ಹೇಳಿಕೆ ಆಗ ದೇಶದಲ್ಲೆಲ್ಲ ಸುದ್ದಿಯಾಯಿತು. ಏಡಿ, ಹೆಗ್ಗಣ, ಮುಳ್ಳುಹಂದಿ, ಗೆದ್ದಲು ಏರಿಯನ್ನು ಕೊರೆಯುವುದು ನಿಜ. ಆದರೆ ಬಿಲ ಒಂದೇ ರಾತ್ರಿಯಲ್ಲಿ ಏರಿಯನ್ನು ತಿನ್ನುವುದಿಲ್ಲ. ನೀರು ಸೋರುತ್ತಿದೆ ಎಂದು ತಿವರೆಯ ಜನ ಮುಂಚೆಯೇ ದೂರಿದ್ದರು. ಆ ದೂರಿನ ದಿನಕ್ಕೂ ಒಡೆದ ರಾತ್ರಿಗೂ ನಡುವೆ ಇದ್ದ ಕಾಲವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಮೆರಿಕದಲ್ಲೂ ಹೀಗೆಯೇ ಆಯಿತು. ಜಾರ್ಜಿಯಾ ರಾಜ್ಯದ ಟೊಕೋವಾದಲ್ಲಿ, ಒಂದು ಕಾಲೇಜಿನ ಮೇಲ್ಗಡೆಗೆ, ಕೆಲಿ ಬಾರ್ನ್ಸ್ ಎಂಬ ಮಣ್ಣಿನ ಸಣ್ಣ ಅಣೆಕಟ್ಟು ಇತ್ತು. 1977ರ ನವೆಂಬರ್ 5ರ ನಡುರಾತ್ರಿ ದಾಟಿ 6ನೆಯ ತಾರೀಖು ಹುಟ್ಟಿದ ಮೇಲೆ ಅದು ಒಡೆದು 39 ಜನ ಸತ್ತರು. ಆಮೇಲೆ ತನಿಖೆ ಮಾಡಿದವರು 1973ರ ಒಂದು ಫೋಟೋ ನೋಡಿದರು. ಕಟ್ಟೆಯ ಹಿಂಬದಿಯ ಇಳಿಜಾರು ಕುಸಿದಿದ್ದು ಅದರಲ್ಲಿ ಕಾಣುತ್ತಿತ್ತು. ನಾಲ್ಕು ವರ್ಷ ಆ ಗುರುತು ಹಿಂಬದಿಯಲ್ಲಿ ಹಾಗೆಯೇ ಇತ್ತು. ಆ ದುರಂತದ ಬೆನ್ನಿಗೆ ಆಗಿನ ಅಧ್ಯಕ್ಷ ಕಾರ್ಟರ್ ಅವರು ದೇಶದ ಅಪಾಯಕಾರಿ ಖಾಸಗಿ ಅಣೆಕಟ್ಟುಗಳ ತಪಾಸಣೆಗೆ ಆದೇಶ ಕೊಟ್ಟರು.

ಮರಗಳ ಪ್ರಶ್ನೆ ನಾಜೂಕಿನದು. ಏರಿಯ ಮೇಲೆ ಹುಣಸೆ, ಹೊಂಗೆ, ಅರಳಿ ಇವೆ, ಅವುಗಳ ನೆರಳಿನಲ್ಲಿ ಕೆರೆಯಮ್ಮನ ಗುಡಿಯಿದೆ. ಕಡಿಯಿರಿ ಎಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ದೊಡ್ಡ ಮರವನ್ನು ಕಡಿದು ಬೊಡ್ಡೆ ಬಿಟ್ಟರೆ ಬೇರು ಕೊಳೆತು ಏರಿಯೊಳಗೆ ಸುರಂಗವಾಗುತ್ತದೆ. ಅದು ನಿಂತ ಮರಕ್ಕಿಂತ ಹೆಚ್ಚು ಅಪಾಯ. ಒಣಗುತ್ತಿರುವ ಮರದ ಬುಡವನ್ನು ವಿಶೇಷವಾಗಿ ಗಮನಿಸಿ. ಹೊಸದಾಗಿ ಹುಟ್ಟುವ ಜಾಲಿ, ಹೊಂಗೆ ಸಸಿಗಳನ್ನು ಮಾತ್ರ ಮೊಣಕಾಲೆತ್ತರ ಬರುವ ಮುಂಚೆ ಕೀಳಿಸಿಬಿಡಬೇಕು.

ಒಂದು ಎಚ್ಚರಿಕೆಯನ್ನು ಕೋಲಾರ, ಚಿಕ್ಕಬಳ್ಳಾಪುರದ ಕೇಳುಗರಿಗೆ ವಿಶೇಷವಾಗಿ ಹೇಳಬೇಕು. ವರ್ಷಗಟ್ಟಲೆ ಒಣಗಿ ನಿಂತಿದ್ದ ಅಲ್ಲಿನ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರತೊಡಗಿತು. 2021ರ ನವೆಂಬರಿನ ಮಳೆಗೆ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ಕೋಡಿ ಬಿದ್ದವು. ನೀರು ಕಂಡ ಸಂತೋಷ ದೊಡ್ಡದು. ಆದರೆ ಒಣಗಿದ ಏರಿ ಬಿರುಕು ಬಿಟ್ಟಿರುತ್ತದೆ, ಬಿಲಗಳಿಂದ ತುಂಬಿರುತ್ತದೆ, ನೀರಿನ ಕಡೆಯ ಒಳಮೈಯ ಕಲ್ಲುಗಳನ್ನು ಯಾರೋ ಹೊತ್ತೊಯ್ದಿರುತ್ತಾರೆ. ಒಳಕೊರೆತದಿಂದ ಒಡೆದ ಅಣೆಕಟ್ಟುಗಳಲ್ಲಿ ಬಹಳಷ್ಟು ಮೊದಲ ಬಾರಿ ತುಂಬುವಾಗಲೋ ಮೊದಲ ಕೆಲವು ವರ್ಷಗಳಲ್ಲೋ ಹೋದವು. ಇಪ್ಪತ್ತು ವರ್ಷದ ಮೇಲೆ ತುಂಬುವ ಕೆರೆ ಹೊಸ ಕೆರೆಯಿದ್ದಂತೆಯೇ. ಅದನ್ನು ಹಂತಹಂತವಾಗಿ ತುಂಬಿಸಬೇಕು. ತುಂಬುವಷ್ಟು ಕಾಲವೂ ದಿನಕ್ಕೆರಡು ಸಲ ಹಿಂಬದಿಯನ್ನು ನೋಡಬೇಕು. ಬಿರುಕುಗಳಲ್ಲೂ ಭೇದವಿದೆ. ಏರಿಯ ಉದ್ದಕ್ಕೆ ಸಾಗುವ ಬಿರುಕು ಇಳಿಜಾರು ಜಾರುತ್ತಿರುವುದನ್ನು ಹೇಳುತ್ತಿರಬಹುದು. ಏರಿಗೆ ಅಡ್ಡಲಾಗಿ, ಕೆರೆಯ ಕಡೆಯಿಂದ ಗದ್ದೆಯ ಕಡೆಗೆ ಹಾಯುವ ಬಿರುಕು ನೀರಿಗೆ ತೆರೆದ ಬಾಗಿಲು. ಅದು ಕೂದಲೆಳೆಯಷ್ಟಿದ್ದರೂ ಸುಣ್ಣದ ಗುರುತು ಹಾಕಿ, ಎಷ್ಟು ಆಳವಿದೆಯೆಂದು ತಿಳಿಯಬೇಕು.

ನಗರದವರಿಗೂ ಇದು ಸಂಬಂಧಿಸಿದ್ದೇ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಕೆಳಗೆ ಗದ್ದೆ ಇದ್ದ ಕಾಲದಲ್ಲಿ ಏರಿ ಒಡೆದರೆ ಬೆಳೆ ಹೋಗುತ್ತಿತ್ತು. ಇಂದು ಏರಿಯ ಬೆನ್ನಿಗೇ ಬಡಾವಣೆಗಳಿವೆ. ಪೈಪು, ಕೇಬಲ್ ಎಂದು ಏರಿಯನ್ನು ಅಗೆಯುವ ಯಂತ್ರ ಕಂಡರೆ ಅನುಮತಿ ಪತ್ರ ತೋರಿಸಲು ಕೇಳಿ, ಇಲ್ಲವಾದರೆ ಅಗೆತ ನಿಲ್ಲಿಸಿ.

ಕೊನೆಯದಾಗಿ, ಬಗ್ಗಡ ನೀರು ಬರುತ್ತಿರುವುದನ್ನು ಕಂಡೇಬಿಟ್ಟರೆ ಏನು ಮಾಡಬೇಕು? ಮೊದಲು ಕೆಳಗಿನ ಮನೆಗಳಿಗೂ ಕೆಳಗಿನ ಕೆರೆಯ ಊರಿಗೂ ಕತ್ತಲಾಗುವ ಮುಂಚೆ ತಿಳಿಸಿ. ನಮ್ಮ ಕೆರೆಗಳು ಸರಪಳಿಯಾಗಿವೆ, ಮೇಲಿನದು ಹೋದರೆ ಕೆಳಗಿನದು ತಡೆಯಲಾರದು. 2021ರ ನವೆಂಬರ್ 19ರಂದು ಆಂಧ್ರದಲ್ಲಿ ಪಿಂಚಾ ಅಣೆಕಟ್ಟಿನ ಕಟ್ಟೆ ಹೋದ ಬೆನ್ನಿಗೇ ಅದರ ನೀರು ಅನ್ನಮಯ್ಯ ಅಣೆಕಟ್ಟಿಗೆ ಬಂತು. ಅಲ್ಲಿನ ಐದು ಗೇಟುಗಳಲ್ಲಿ ಒಂದು ತೆರೆಯಲಿಲ್ಲ. ಮಣ್ಣಿನ ಭಾಗ ಕೊಚ್ಚಿಹೋಯಿತು. ಎರಡನೆಯದಾಗಿ ತಾಲ್ಲೂಕು ಕಚೇರಿಗೂ ಇಂಜಿನಿಯರಿಗೂ ಸುದ್ದಿ ಮುಟ್ಟಿಸಿ. ಮೂರನೆಯದಾಗಿ ತೂಬು ಎತ್ತಿ ನೀರು ಇಳಿಸಿ. ವೇಳೆ ಇದ್ದರೆ ನಿಧಾನವಾಗಿ ಇಳಿಸಿ, ನೀರು ಸರ್ರನೆ ಇಳಿದರೆ ನೆನೆದ ಒಳಮೈ ಕುಸಿಯುತ್ತದೆ. ಬುಡದಲ್ಲಿ ಮರಳು ಕುದಿಯುವ ಬಾಯಿಯ ಸುತ್ತ ಮೂಟೆಗಳ ಕಟ್ಟೆ ಕಟ್ಟಿ, ಒಳಗೆ ಮರಳು, ಜಲ್ಲಿ ಹಾಸಿ. ಏರಿಯನ್ನು ನೀವಾಗಿ ಕಡಿಯಲು ಹೋಗಬೇಡಿ. 2022ರ ಆಗಸ್ಟಿನಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ಇನ್ನೂ ಕಟ್ಟುತ್ತಿದ್ದ ಕಾರಂ ಅಣೆಕಟ್ಟಿನ ಹಿಂಬದಿ ಸೋರಿ ಜಾರತೊಡಗಿದಾಗ, ಹದಿನೆಂಟು ಹಳ್ಳಿಗಳನ್ನು ಮೊದಲು ಖಾಲಿ ಮಾಡಿಸಿ, ಪಕ್ಕದಲ್ಲಿ ಕಾಲುವೆ ತೋಡಿ ನೀರು ಬಿಟ್ಟರು. ಒಂದು ಜೀವವೂ ಹೋಗಲಿಲ್ಲ. ಸೋರಿಕೆ ಮುಂಚೆಯೇ ಕಣ್ಣಿಗೆ ಬಿದ್ದಿತ್ತು, ಕಂಡವರ ಮಾತನ್ನು ಕೇಳುವವರೂ ಇದ್ದರು.

ಮಳೆ ಶುರುವಾಗುವ ಮುಂಚೆ ಒಂದು ಬೆಳಗ್ಗೆ, ಕುಡುಗೋಲು, ಗಾಜಿನ ಬಾಟಲಿ, ಮಟ್ಟದ ಪೈಪು, ಒಂದು ನೋಟುಪುಸ್ತಕ ಹಿಡಿದು ನಿಮ್ಮೂರಿನ ಏರಿಗೆ ಹೋಗಿ. ಊರಿನ ಹೈಸ್ಕೂಲಿನ ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ಕಣ್ಣು ಚುರುಕು. ಕಂಡದ್ದನ್ನು ತಾರೀಖು ಹಾಕಿ ಬರೆದು, ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕೆರೆ ತುಂಬಿದ ಮೇಲೆ ಅದೇ ಪುಸ್ತಕ ಹಿಡಿದು, ಅದೇ ಜಾಗಗಳಿಗೆ, ಹಿಂಬದಿಯಿಂದಲೇ ಶುರುಮಾಡಿ ಇನ್ನೊಮ್ಮೆ ಹೋಗಿ.